ನೀರಿನ ಟಾಕಿ ನಲವತ್ತೇಳು ಮೀಟರ್ ಸರಿದಿಲ್ಲ

ದೂರದಲ್ಲಿ ಕುಳಿತೇ ಎಲ್ಲರನ್ನೂ ಕಾಣುವ ಹಾಜರಾತಿ ಕೋಶದ ಮುಖ್ಯಸ್ಥರೇ,

ಈ ವ್ಯವಹಾರಕ್ಕೆ ಏನೇನು ಖರ್ಚಾಯಿತೆಂದು ಮೊದಲೇ ಹೇಳಿಬಿಡುತ್ತೇನೆ, ವಾದ ಆಮೇಲೆ. ಹನ್ನೊಂದು ದಿನ. ದಿನಕ್ಕೆ ಎರಡರಂತೆ ಇಪ್ಪತ್ತೆರಡು ಸಲ ನೀರಿನ ಟಾಕಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತದ್ದು. ಐದು ಬಗೆಯ ಉಪಗ್ರಹಗಳಿಂದ ಪಡೆದ ಒಂದು ಲಕ್ಷ ಇಪ್ಪತ್ತೇಳು ಸಾವಿರದ ಇನ್ನೂರು ಅಳತೆ. ಕೊಪ್ಪಳಕ್ಕೆ ಏಳು ಸಲ ಬಸ್ಸು, ಅದರಲ್ಲಿ ನಾಲ್ಕು ಸಲ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’. ಒಂದು ಹೊಸ ಮೊಬೈಲು. ಎರಡು ನೋಟಿಸು. ಊರಿನ ಕೆಳಗಿನ ಓಣಿಗೆ ಮೂರು ದಿನ ನೀರಿಲ್ಲ. ಇಷ್ಟೆಲ್ಲ ಖರ್ಚು ಮಾಡಿ ನಾವು ಸಾಬೀತು ಮಾಡಿದ್ದೇನು ಗೊತ್ತೇ? ನಮ್ಮೂರಿನ ನೀರಿನ ಟಾಕಿ ಕಟ್ಟಿದ ಜಾಗದಲ್ಲೇ ಇದೆ ಎಂಬುದನ್ನು.

ನಗಬೇಡಿ. ಟಾಕಿ ಅಲ್ಲಿಲ್ಲ ಎಂದವರು ನೀವು. ಆ ಮಾತಿನ ಮೇಲೆ ನಮ್ಮೂರಿಗೆ ನೀರು ಬಿಡುವ ಗ್ಯಾನಪ್ಪನಿಗೆ ನಲವತ್ತೊಂದು ದಿನ ಗೈರುಹಾಜರಿ ಹಾಕಿದ್ದೀರಿ, ಅಷ್ಟೂ ದಿನದ ಪಗಾರ ಹಿಡಿದಿದ್ದೀರಿ, ಬರುವ ಸೋಮವಾರ ಅವನನ್ನು ಕೆಲಸದಿಂದ ತೆಗೆಯುವ ವಿಚಾರಣೆ ಇಟ್ಟಿದ್ದೀರಿ. ಹದಿನಾರು ವರ್ಷದಿಂದ ಬೆಳಗಿನ ಐದೂವರೆಗೆ ವಾಲ್ವ್ ತಿರುವಿದ ಕೈ ಅದು. ಜ್ವರ ಬಂದ ದಿನ ಹೆಂಡತಿಯನ್ನು ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಂಡಾದರೂ ನೀರು ಬಿಟ್ಟವನು. ಅವನು ಹೋದರೆ ಹೊಸಬನೊಬ್ಬ ಬರುತ್ತಾನೆ, ನಿಜ. ಆದರೆ ಅವನಿಗೂ ಟಾಕಿ ಸಿಗುವುದಿಲ್ಲ, ನಿಮ್ಮ ತಂತ್ರಾಂಶದ ಪ್ರಕಾರ.

ನಾನು ಯಾರು ಎಂದು ಕೇಳುವಿರಿ. ಇರಕಲ್ಲಗಡದ ಬಸ್ ನಿಲ್ದಾಣದ ಎದುರು ಸುಟ್ಟ ಪಂಪಿನ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ನನ್ನದು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟೆ. ಆಮೇಲೆ ಕಲಿತದ್ದೆಲ್ಲ ಸುತ್ತು ಎಣಿಸಿ ಕಲಿತದ್ದು. ಒಂದು ಮೋಟರಿನಲ್ಲಿ ಸಾವಿರಾರು ಸುತ್ತು ಇರುತ್ತದೆ. ಎಣಿಕೆ ತಪ್ಪಿದರೆ ಅದು ನನಗೆ ಕಾಗದ ಬರೆಯುವುದಿಲ್ಲ, ಸೀದಾ ಸುಟ್ಟು ಹೊಗೆ ಬಿಡುತ್ತದೆ. ಹೀಗಾಗಿ ಎಣಿಕೆಯ ವಿಷಯದಲ್ಲಿ ನನಗೆ ದಾಕ್ಷಿಣ್ಯ ಕಡಿಮೆ. ಗ್ಯಾನಪ್ಪನ ಊರು ನನ್ನದೂ ಹೌದು, ಆ ಟಾಕಿಗೆ ನೀರೆತ್ತುವ ಮೋಟರನ್ನು ನಾನೇ ಐದು ಸಲ ಸುತ್ತಿದ್ದೇನೆ. ಆದ್ದರಿಂದ ಅದು ಎಲ್ಲಿದೆ ಎಂಬ ಬಗ್ಗೆ ಮಾತಾಡಲು ನನಗೆ ಸ್ವಲ್ಪ ಅಧಿಕಾರ ಇದೆ ಎಂದುಕೊಂಡಿದ್ದೇನೆ.

ಕಳೆದ ಶ್ರಾವಣದಲ್ಲಿ ನಿಮ್ಮ ತಂತ್ರಾಂಶ ಬಂತು. ನೀರು ಬಿಡುವವರು ಬೆಳಿಗ್ಗೆ ಐದೂವರೆಗೆ, ಸಂಜೆ ಆರಕ್ಕೆ ವಾಲ್ವಿನ ಹತ್ತಿರ ನಿಂತು ಮೊಬೈಲಿನ ಗುಂಡಿ ಒತ್ತಬೇಕು. ನಿಮ್ಮ ದಫ್ತರದಲ್ಲಿ ಬರೆದಿಟ್ಟ ಜಾಗದಿಂದ ಮೂವತ್ತು ಮೀಟರಿನೊಳಗೆ ಇದ್ದರೆ ಹಾಜರು, ಹೊರಗಿದ್ದರೆ ಗೈರು. ಮೊದಲ ದಿನವೇ ಗ್ಯಾನಪ್ಪ ನನ್ನ ಅಂಗಡಿಗೆ ಬಂದ.

“ಮಾಮಾ, ಇದನ್ನೀಟು ನೋಡ್ರಿ. ವಾಲ್ ನನ್ನ ಕೈಯಾಗ ಐತಿ, ಟಾಕಿ ನನ್ನ ತಲಿಮ್ಯಾಲ ಐತಿ. ಇದು ನೋಡಿದ್ರ ‘ನೀವು ಕರ್ತವ್ಯದ ಸ್ಥಳದಲ್ಲಿಲ್ಲ’ ಅಂತೈತಿ. ಹಂಗಾರ ಅಲ್ಲಿ ನಿಂತಾಂವ ಯಾರ?”

“ನಿಮ್ಮಪ್ಪ ಇರಬೇಕು, ವಿಚಾರಿಸು” ಎಂದು ನಾನು ಚೇಷ್ಟೆ ಮಾಡಿ ಕಳಿಸಿದೆ. ಆ ಚೇಷ್ಟೆಗೆ ಈಗ ನಾಚಿಕೆಯಾಗುತ್ತದೆ. ಏಕೆಂದರೆ ಅವನು ಮೂವತ್ತೆಂಟು ದಿನ ಹೀಗೇ ವಾಲ್ವ್ ಹಿಡಿದುಕೊಂಡೇ ಗೈರಾದ, ಅದಕ್ಕೆ ಮೊದಲ ನೋಟಿಸೂ ಬಂತು. ನಿಮ್ಮ ಕೋಶಕ್ಕೆ ಹೋಗಿ ಹೇಳಿದ್ದಕ್ಕೆ ಗುಮಾಸ್ತರು ಕೊಟ್ಟ ಉತ್ತರ ನನಗೆ ಬಾಯಿಪಾಠ: “ಉಪಗ್ರಹ ಸುಳ್ಳ ಹೇಳಂಗಿಲ್ರಿ, ಮನಷ್ಯಾ ಹೇಳ್ತಾನ.”

ಆಮೇಲೆ ಗ್ಯಾನಪ್ಪನಿಗೆ ಒಂದು ಜಾಗ ಸಿಕ್ಕಿತು. ಟಾಕಿಯಿಂದ ಒಂದು ಓಣಿ ಆಚೆ ಹುಲಿಗವ್ವ ಎಂಬ ಹಿರಿಯ ಹೆಂಗಸಿನ ಹಿತ್ತಲು. ಅಲ್ಲಿ ಎಮ್ಮೆ ಕಟ್ಟುವ ಗೂಟ, ಅದರ ಪಕ್ಕ ಆಳೆತ್ತರದ ತಿಪ್ಪೆ. ಮಜ್ಜಿಗೆ ಇಸಿದುಕೊಂಡು ಬರಲು ಹೋದವನು ಸುಮ್ಮನೆ ಗುಂಡಿ ಒತ್ತಿದ. ಮೊಬೈಲು ‘ಹಾಜರು’ ಅಂದಿತು! ಅಂದಿನಿಂದ ಪದ್ಧತಿ ಬದಲಾಯಿತು. ಬೆಳಿಗ್ಗೆ ಮೊದಲು ತಿಪ್ಪೆ ಹತ್ತಿ ಮೊಬೈಲು ಎತ್ತಿ ಹಿಡಿಯುವುದು, ಆಮೇಲೆ ಓಡಿಬಂದು ವಾಲ್ವ್ ತಿರುವುವುದು. ಊರಿಗೆಲ್ಲ ಇದು ಎಷ್ಟು ರೂಢಿಯಾಯಿತೆಂದರೆ, ಗ್ಯಾನಪ್ಪ ಎಲ್ಲಿ ಎಂದು ಯಾರಾದರೂ ಕೇಳಿದರೆ “ಆಫೀಸಿಗಿ ಹೋಗ್ಯಾನ” ಎಂದು ತಿಪ್ಪೆಯ ಕಡೆ ಕೈ ತೋರಿಸುತ್ತಿದ್ದರು. ಏಳು ತಿಂಗಳು ಹೀಗೆ ಸಾಗಿತು. ನಿಮ್ಮ ದಾಖಲೆಯಲ್ಲಿ ಆ ಏಳು ತಿಂಗಳು ಅವನು ಜಿಲ್ಲೆಯಲ್ಲೇ ಅತ್ಯಂತ ನಿಷ್ಠಾವಂತ ನೌಕರ.

ವೈಶಾಖದಲ್ಲಿ ಕಷ್ಟ ಬಂತು. ಮಳೆಗೆ ಮುಂಚೆ ಎಲ್ಲರೂ ಮಾಡುವಂತೆ ಹುಲಿಗವ್ವ ತಿಪ್ಪೆ ಕೆದರಿಸಿ ಗೊಬ್ಬರವನ್ನು ಬಂಡಿಗೆ ಹೇರಿಸಿದಳು. ಗ್ಯಾನಪ್ಪ ಬಂಡಿಯ ಮುಂದೆ ಹೋಗಿ ನಿಂತ.

“ಅತ್ತಿ, ಒಂದ ಬಂಡಿ ಗೊಬ್ಬರ ಇಲ್ಲೇ ಬಿಡ್ರಿ. ನನ್ನ ಹಾಜರಿ ಐತಿ ಅದರಾಗ.”

“ಲೇ ಗ್ಯಾನ್ಯಾ, ನನ್ನ ಗೊಬ್ಬರಕ್ಕ ಹೊಲ ಐತಿ, ನಿನ್ನ ಹಾಜರಿಗಿ ಸರಕಾರ ಐತಿ. ಸರಕಾರಕ್ಕ ಅರ್ಜಿ ಹಾಕು, ಒಂದ ಬಂಡಿ ಸಗಣಿ ಮಂಜೂರ ಮಾಡ್ಲಿ.”

ಇಲ್ಲಿ ಅವನು ತಪ್ಪಿದ. ಮುಚ್ಚಿಡುವುದಿಲ್ಲ. ಏಳು ತಿಂಗಳು ತಿಪ್ಪೆ ಹತ್ತಿದ ಮನುಷ್ಯನಿಗೆ ಹಾಜರಿ ಇರುವುದು ತಿಪ್ಪೆಯಲ್ಲಿ ಎಂದೇ ನಂಬಿಕೆ ಕೂತಿತ್ತು. ಗೊಬ್ಬರದ ಎತ್ತರಕ್ಕೋ ಅದರ ಕಾವಿಗೋ ಉಪಗ್ರಹ ಒಲಿಯುತ್ತದೆ ಎಂದುಕೊಂಡಿದ್ದ. ಬಂಡಿಯ ಹಿಂದೆಯೇ ಹೊಲಕ್ಕೆ ಹೋದ. ಅಲ್ಲಿ ಸುರಿದ ಗುಡ್ಡೆಯ ಮೇಲೆ ನಿಂತು ಗುಂಡಿ ಒತ್ತಿದ. ‘ನೀವು ಕರ್ತವ್ಯದ ಸ್ಥಳದಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿದ್ದೀರಿ’ ಎಂದು ಬಂತು. ನಿಮ್ಮ ತಂತ್ರಾಂಶ ಅವನ ವಿಷಯದಲ್ಲಿ ನಿಜಕ್ಕೆ ಹತ್ತಿರದ ಮಾತಾಡಿದ್ದು ಅದೇ ಮೊದಲು. ಎರಡನೆಯ ದಿನ, ಮೂರನೆಯ ದಿನವೂ ಹೋದ, ಗುಡ್ಡೆ ಬದಲಿಸಿ ಬದಲಿಸಿ ನಿಂತ. ಇತ್ತ ಕೆಳಗಿನ ಓಣಿಯ ವಾಲ್ವ್ ತಿರುವುವವರಿಲ್ಲದೆ ಮೂರು ದಿನ ನೀರು ಬರಲಿಲ್ಲ. ಹೆಂಗಸರು ಕೊಡ ಹಿಡಿದು ಪಂಚಾಯಿತಿಗೆ ಹೋದರು. ಎರಡನೆಯ ನೋಟಿಸು ಅದರದ್ದು. ಆ ಮೂರು ದಿನದ ತಪ್ಪು ಅವನದೇ. ಆದರೆ ವಾಲ್ವ್ ಬಿಟ್ಟು ಹಾಜರಿಯ ಹಿಂದೆ ಹೋಗುವುದನ್ನು ಅವನಿಗೆ ಕಲಿಸಿದ್ದು ಯಾರು? ಟಾಕಿಯ ಕೆಳಗೆ ಇದ್ದವನಿಗೆ ಗೈರು, ತಿಪ್ಪೆಯ ಮೇಲೆ ಇದ್ದವನಿಗೆ ಹಾಜರು ಹಾಕಿ ಕಲಿಸಿದ ಗುರುಗಳು ಯಾರು, ಮಾನ್ಯರೇ?

ನಾಲ್ಕನೆಯ ದಿನ ಹುಲಿಗವ್ವನೇ ಅವನನ್ನು ಕರೆದು, “ತಿಪ್ಪಿಗುಂಡಿ ಹೋಗಿಲ್ಲೋ ಹುಚ್ಚಾ, ಬರೇ ಗೊಬ್ಬರ ಹೋಗೈತಿ. ನೆಲದಾಗ ನಿಂದ್ರು” ಅಂದಳು. ಖಾಲಿ ತಿಪ್ಪೆಗುಂಡಿಯಲ್ಲಿ ಇಳಿದು ನಿಂತ. ಹಾಜರು! ಆ ಸುದ್ದಿ ಕೇಳಿದ ಮೇಲೆಯೇ ನನ್ನ ತಲೆಯಲ್ಲಿ ಎಣಿಕೆ ಶುರುವಾದದ್ದು. ಎತ್ತರವಲ್ಲ, ಗೊಬ್ಬರವಲ್ಲ, ಜಾಗ. ನಿಮ್ಮ ದಫ್ತರದಲ್ಲಿ ಟಾಕಿ ಎಂದು ಬರೆದಿರುವುದು ಹುಲಿಗವ್ವನ ಹಿತ್ತಲನ್ನು.

ಅದನ್ನೇ ಬರೆದು ಕೊಟ್ಟೆವು. ನೀವು ಸಹಿ ಮಾಡಿ ಕಳಿಸಿದ ಉತ್ತರ ಹೀಗಿತ್ತು: ‘ಸದರಿ ಪ್ರದೇಶದಲ್ಲಿ ಉಪಗ್ರಹ ಸಂಕೇತವು ದುರ್ಬಲವಾಗಿರುವುದರಿಂದ ನೌಕರರು ಉತ್ತಮ ಗುಣಮಟ್ಟದ ಮೊಬೈಲ್ ಹೊಂದತಕ್ಕದ್ದು.’ ಗುಮಾಸ್ತರ ಪ್ರಕಾರ ಸುಳ್ಳು ಹೇಳದ ಉಪಗ್ರಹ ನಿಮ್ಮ ಹಾಳೆಯಲ್ಲಿ ದುರ್ಬಲವಾಯಿತು. ಸರಿ, ಗ್ಯಾನಪ್ಪ ಕುಕನೂರಿಗೆ ಹೋಗಿ ಕಂತಿನ ಮೇಲೆ ಹೊಸ ಮೊಬೈಲು ತಂದ. ಹೊಸದೂ ಟಾಕಿಯ ಕೆಳಗೆ ಅದೇ ಮಾತು ಹೇಳಿತು, ಹೊಸದಾದ್ದರಿಂದ ಸ್ವಲ್ಪ ಬೇಗ ಹೇಳಿತು.

ಈಗ ನನ್ನ ಮಗಳು ಮುಬಾಶಿರಾಳನ್ನು ಪರಿಚಯಿಸಬೇಕು. ಕೊಪ್ಪಳದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅಲ್ಲೇ ಒಂದು ಕಾಲೇಜಿನಲ್ಲಿ ಪ್ರಯೋಗಾಲಯ ನೋಡಿಕೊಳ್ಳುತ್ತಾಳೆ, ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ನಿಮ್ಮ ಉತ್ತರ ಓದಿ ಅವಳು ಗ್ಯಾನಪ್ಪನಿಗೆ ಹೇಳಿದಳು:

“ಕಾಕಾ, ಆಕಾಶದಾಗ ಐದು ಥರದ ಉಪಗ್ರಹ ಅದಾವ. ಅಮೆರಿಕದ್ದು ಜಿಪಿಎಸ್, ರಷ್ಯಾದ್ದು ಗ್ಲೋನಾಸ್, ಯುರೋಪಿನವರದ್ದು ಗೆಲಿಲಿಯೊ, ಚೀನಾದ್ದು ಬೈಡೂ, ನಮ್ಮದು ನಾವಿಕ್. ಮೊಬೈಲು ಎಲ್ಲಾರ ಮಾತೂ ಕಲಸಿ ಒಂದ ಉತ್ತರ ಕೊಡ್ತೈತಿ. ಯಾರು ತಪ್ಪು ಹೇಳ್ಯಾರ ಅಂತ ಗೊತ್ತಾಗಬೇಕಂದ್ರ ಒಬ್ಬೊಬ್ಬರನ್ನ ಬ್ಯಾರೆ ಕರದು ಕೇಳಬೇಕು.”

“ಪಂಚರ ಮುಂದ ಸಾಕ್ಷಿ ಕೇಳಿದಂಗ?”

“ಹಂಗ. ಒಬ್ಬರದು ಇನ್ನೊಬ್ಬರಿಗೆ ಕೇಳಸಬಾರದು.”

ಅದಕ್ಕೆ ಬೇಕಾದ ತಂತ್ರಾಂಶ ಅಂಗಡಿಯಲ್ಲಿ ಸಿಗಲಿಲ್ಲ. ಅವಳೇ ಬರೆದಳು. ಮೊಬೈಲು ಸೆಕೆಂಡಿಗೊಮ್ಮೆ ಹಿಡಿಯುವ ಕಚ್ಚಾ ಸಂಕೇತವನ್ನೆಲ್ಲ ಕೂಡಿಟ್ಟು, ಯಾವ ದೇಶದ್ದು ಯಾವುದೆಂದು ಬಿಡಿಸಿ, ಐದು ಕಡೆಯಿಂದ ಐದು ಬೇರೆ ಉತ್ತರ ತೆಗೆಯುವ ಲೆಕ್ಕ. ಆಮೇಲೆ ಪ್ರತಿ ಉತ್ತರವೂ ಅಸಲಿ ಜಾಗದಿಂದ ಎಷ್ಟು ದೂರ ಬಿತ್ತು ಎಂದು ಅಳೆದು ಬರೆಯುತ್ತದೆ. ಎರಡು ಸಲ ಕೆಟ್ಟಿತು, ಮೂರನೆಯ ಸಲ ನಿಂತಿತು. ಅದಕ್ಕೆ ಹೆಸರಿಡಬೇಕು ಎಂದಾಗ ಗ್ಯಾನಪ್ಪ ‘ಸಾಕ್ಷಿ’ ಅಂತ ಇಡಿಸಿದ.

ಅಸಲಿ ಜಾಗ ಯಾವುದು ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಪರವಾನಗಿ ಇರುವ ಭೂಮಾಪಕ ರಾಮಾಂಜನೇಯ, ಹೊಲದ ಹದ್ದು ಅಳೆಯುವ ತನ್ನ ಯಂತ್ರವನ್ನು ತಂದು ವಾಲ್ವ್ ಗುಂಡಿಯ ಕಟ್ಟೆಯ ಮೇಲೆ ಅರ್ಧ ತಾಸು ನಿಲ್ಲಿಸಿದ. ಅಣ್ಣತಮ್ಮಂದಿರು ಒಂದು ಗೇಣು ಬದುವಿಗೆ ಕೋರ್ಟಿಗೆ ಹೋದಾಗ ನಿಮ್ಮದೇ ಸರ್ಕಾರ ನಂಬುವ ಯಂತ್ರ ಅದು. “ಸಾಬರ, ಇದರಾಗ ನಾಕ ಬೆರಳಿನಷ್ಟು ಹೆಚ್ಚುಕಮ್ಮಿ ಬಂದ್ರ ನನ್ನ ಲೈಸೆನ್ಸ್ ನಿಮ್ಮ ಅಂಗಡಿ ಗ್ವಾಡಿಗಿ ಅಂಟಿಸ್ರಿ” ಅಂದ. ಆ ಕಟ್ಟೆಯ ಮೇಲೆ ನಾವು ಗ್ಯಾನಪ್ಪನ ಹೊಸ ಮೊಬೈಲು ಇಟ್ಟು ಹನ್ನೊಂದು ದಿನ, ಎರಡು ಹೊತ್ತು, ಇಪ್ಪತ್ತು ಇಪ್ಪತ್ತು ನಿಮಿಷ ಕೂತೆವು. ಟಾಕಿಯ ಕಾಂಕ್ರೀಟು ಅರ್ಧ ಆಕಾಶ ಮುಚ್ಚುವ ಜಾಗ ಅದು. ನಿಮಗೆ ಅನುಕೂಲವಾಗಲಿ ಎಂದು ಉಪಗ್ರಹಗಳಿಗೆ ಕಷ್ಟವಾಗುವ ಕಡೆಯೇ ಕೂತೆವು.

ಹುಲಿಗವ್ವ ಬೆಳಿಗ್ಗೆ ಕೊಡ ತಂದವಳು ನಿಂತು ನೋಡಿದಳು. “ಏನ್ ಉಮರಸಾಬ, ಮುಂಜಾನೆದ್ದು ಟಾಕಿ ಕಾಯಾಕ ಹತ್ತೀಯಲ್ಲ, ಯಾರರ ಕದ್ದೊಯ್ತಾರೇನ್ ಇದನ್ನ?”

“ಕದ್ದೊಯ್ದು ವರ್ಷ ಆತು ಯವ್ವಾ. ನಿನ್ನ ಎಮ್ಮಿ ಬಾಜೂಕ ತಂದು ಇಟ್ಟಾರ.”

“ಹಂಗಾರ ನಾ ಇಲ್ಲೀತನಾ ಕೊಡಾ ಯಾಕ ಹೊರಬೇಕು? ಗೂಟದ ಹಂತೇಕ ಒಂದ ನಳ ಹಚ್ಚು.”

ಈಗ ಫಲಿತಾಂಶ. ಸರಾಸರಿಯಲ್ಲಿ ಗೆಲಿಲಿಯೊ ಅಸಲಿ ಜಾಗದಿಂದ ಐದು ಮೀಟರ್ ತಪ್ಪಿತು, ಬೈಡೂ ಆರು, ಜಿಪಿಎಸ್ ಆರೂವರೆ, ನಾವಿಕ್ ಒಂಬತ್ತು, ಗ್ಲೋನಾಸ್ ಹನ್ನೊಂದು. ನಮ್ಮ ನಾವಿಕ್ ನಾಲ್ಕು ಹೊತ್ತು ಸಾಕಷ್ಟು ಉಪಗ್ರಹ ಕಾಣದೆ ಉತ್ತರವನ್ನೇ ಕೊಡಲಿಲ್ಲ. ಅಭಿಮಾನಕ್ಕಾಗಿ ಅದನ್ನು ಮರೆಮಾಚಿಲ್ಲ, ಮೇಲೆ ಹೇಳಿದ ಅಳತೆಯ ಸಂಖ್ಯೆಯಲ್ಲಿ ಅಷ್ಟು ಕಳೆದೇ ಬರೆದಿದ್ದೇನೆ. ಇಡೀ ಹನ್ನೊಂದು ದಿನದಲ್ಲಿ ಅತಿ ಕೆಟ್ಟ ಒಂದೇ ಒಂದು ಅಳತೆ ಗ್ಲೋನಾಸಿನದು, ಇಪ್ಪತ್ನಾಲ್ಕು ಮೀಟರ್. ಅಂದರೆ ಅತಿ ಕೆಟ್ಟ ಉಪಗ್ರಹ, ಅತಿ ಕೆಟ್ಟ ಸೆಕೆಂಡಿನಲ್ಲಿ, ಅರ್ಧ ಆಕಾಶ ಮುಚ್ಚಿದ ಜಾಗದಲ್ಲಿ ಹೇಳಿದ ಮಾತು ಕೂಡ ನಿಮ್ಮ ಮೂವತ್ತು ಮೀಟರಿನೊಳಗೇ ಇದೆ. ಯಾವ ಮಾತುಕತೆಯಲ್ಲೂ ಒಂದು ಅಭಿಪ್ರಾಯಕ್ಕೆ ಬರದ ದೇಶಗಳು ಇವು. ಗ್ಯಾನಪ್ಪ ಟಾಕಿಯ ಪಕ್ಕದಲ್ಲಿದ್ದಾನೆ ಎಂಬ ಒಂದು ಮಾತಿಗೆ ಅಮೆರಿಕ, ರಷ್ಯಾ, ಚೀನಾ, ಯುರೋಪು, ಭಾರತ ಐದೂ ಒಪ್ಪಿವೆ. ಒಪ್ಪದಿರುವುದು ಕೊಪ್ಪಳದಲ್ಲಿ ಕುಳಿತ ನೀವೊಬ್ಬರೇ.

ಇನ್ನೂ ಒಂದು ಸಂಗತಿ, ಮಗಳು ಅಳತೆಗಳನ್ನೆಲ್ಲ ಚುಕ್ಕೆಯಿಟ್ಟು ಬಿಡಿಸಿದ ಚಿತ್ರದಲ್ಲಿ ಕಂಡಿತು. ಉಪಗ್ರಹದ ತಪ್ಪು ಅಲುಗಾಡುತ್ತದೆ. ಒಮ್ಮೆ ಈ ಕಡೆ ಮೂರು ಮೀಟರ್, ಒಮ್ಮೆ ಆ ಕಡೆ ಏಳು, ಮೊರದಿಂದ ಚೆಲ್ಲಿದ ಜೋಳದಂತೆ ಅಸಲಿ ಜಾಗದ ಸುತ್ತ ಹರಡಿಕೊಂಡಿರುತ್ತದೆ. ನಿಮ್ಮ ತಪ್ಪು ಅಲುಗಾಡುವುದಿಲ್ಲ. ಬೆಳಿಗ್ಗೆಯೂ ನಲವತ್ತೇಳು ಮೀಟರ್, ಸಂಜೆಯೂ ನಲವತ್ತೇಳು ಮೀಟರ್, ಅದೇ ದಿಕ್ಕು, ಅದೇ ಗೂಟ. ಇಷ್ಟು ಸ್ಥಿರವಾಗಿ ತಪ್ಪಲು ಆಕಾಶಕ್ಕೆ ಸಾಧ್ಯವಿಲ್ಲ, ಅದಕ್ಕೆ ಕಚೇರಿಯೇ ಬೇಕು.

ಆದ್ದರಿಂದ ಮಾಹಿತಿ ಹಕ್ಕಿನಲ್ಲಿ ನಮ್ಮ ಹೋಬಳಿಯ ಎಲ್ಲ ನೀರಿನ ಟಾಕಿಗಳ ಜಾಗದ ಅಂಕಿ, ಅಂದರೆ ಅಕ್ಷಾಂಶ ರೇಖಾಂಶ, ಕೇಳಿದೆ. ಮೂವತ್ತನಾಲ್ಕು ಸಾಲಿನ ಒಂದು ಹಾಳೆ ಬಂತು. ಮಗಳು ಗಣಕಯಂತ್ರಕ್ಕೆ ಹಾಕುವ ಮೊದಲು ನಾನು ಕೈಯಲ್ಲಿ ಹಿಡಿದು ನೋಡಿದೆ. ಏನೋ ಸರಿಯಿಲ್ಲ ಅನಿಸಿತು. ಎಲ್ಲ ಸಾಲೂ ಒಂದೇ ಉದ್ದ. ಚುಕ್ಕೆಯ ನಂತರ ಮೂರೇ ಅಂಕಿ, ಮೂವತ್ತನಾಲ್ಕರಲ್ಲೂ ಮೂರೇ.

“ಮುಬಾಶಿರಾ, ನಿನ್ನ ಅಳತಿಯೊಳಗ ಚುಕ್ಕಿ ಮುಂದ ಎಷ್ಟು ಅಂಕಿ ಬರ್ತಾವ?”

“ಆರು, ಏಳು ಬರ್ತಾವ ಅಬ್ಬಾ.”

“ಇವರದು ಮೂರ ಅದಾವ. ಉಳಿದದ್ದು ಎಲ್ಲಿ ಹೋತು?”

ಅವಳು ಹಾಳೆ ಕಸಿದುಕೊಂಡು ನೋಡಿದಳು. ಬೆರಳಿಟ್ಟು ಸಾಲು ಸಾಲಾಗಿ ಕೆಳಗಿಳಿದಳು. ಆಮೇಲೆ ನಕ್ಕಳು, ಸಿಟ್ಟಿನ ನಗೆ. “ಕತ್ತರಿಸ್ಯಾರ. ಮೂರನೇ ಅಂಕಿ ಒಂದು ಹೆಚ್ಚುಕಮ್ಮಿ ಆದ್ರ ನೂರಾಹತ್ತು ಮೀಟರ್ ಆಗ್ತೈತಿ. ಅರ್ಧ ಓಣಿ ಕತ್ತರಿಸಿ ಒಗದಾರ.” ನಮ್ಮ ಕಟ್ಟೆಯ ಅಸಲಿ ಅಂಕಿಯನ್ನು ತೆಗೆದುಕೊಂಡು ಮೂರಕ್ಕೆ ಕತ್ತರಿಸಿ ನಕ್ಷೆಯಲ್ಲಿ ಇಟ್ಟಳು. ಚುಕ್ಕೆ ಸೀದಾ ಹೋಗಿ ಹುಲಿಗವ್ವನ ಎಮ್ಮೆಯ ಗೂಟದ ಮೇಲೆ ಕೂತಿತು.

ನೋಡಿ ಮಾನ್ಯರೇ, ಯಾರೋ ಒಬ್ಬರು ನಮ್ಮ ಟಾಕಿಗೆ ಬಂದು ಸರಿಯಾಗಿಯೇ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಉಪಗ್ರಹವೂ ಸರಿಯಾಗಿಯೇ ಹೇಳಿದೆ. ನಿಮ್ಮ ಕೋಶದಲ್ಲಿ ಯಾರೋ ಖಾನೆ ಚಿಕ್ಕದು ಮಾಡಿ, ಉಳಿದ ಅಂಕಿಯನ್ನು ಬೇಡದ ಚಿಲ್ಲರೆ ಎಂದು ಬಿಟ್ಟಿದ್ದಾರೆ. ಆ ಚಿಲ್ಲರೆಯಲ್ಲಿ ಒಬ್ಬ ಮನುಷ್ಯ ಇದ್ದ.

ಮುಬಾಶಿರಾ ಲೆಕ್ಕ ಹಾಕಿ ಹೇಳಿದಳು, ಹೀಗೆ ಕತ್ತರಿಸಿದರೆ ಮೂವತ್ತನಾಲ್ಕರಲ್ಲಿ ಎರಡೋ ಮೂರೋ ಟಾಕಿಗಳು ಮಾತ್ರ ಅದೃಷ್ಟದಿಂದ ಮೂವತ್ತು ಮೀಟರಿನೊಳಗೆ ಉಳಿಯುತ್ತವೆ. ಉಳಿದವರು ಏನು ಮಾಡುತ್ತಿದ್ದಾರೆ ಎಂದು ನೋಡಲು ಬೈಕು ಹತ್ತಿ ಐದು ಊರಿಗೆ ಹೋದೆ. ಒಬ್ಬನ ಹಾಜರಿ ಹಾಳುಬಾವಿಯ ಕಟ್ಟೆಯ ಮೇಲೆ. ಒಬ್ಬನದು ಬೇರೆಯವರ ಬಚ್ಚಲ ಹಿಂದೆ, ಆ ಮನೆಯವರ ಜೊತೆ ಎರಡು ಸಲ ಜಗಳವಾಗಿದೆ. ಒಬ್ಬ ತನ್ನ ಮೊಬೈಲನ್ನೇ ಆ ಜಾಗದ ಹತ್ತಿರದ ಕಿರಾಣಿ ಅಂಗಡಿಯಲ್ಲಿ ಬಿಟ್ಟಿರುತ್ತಾನೆ, ಅಂಗಡಿಯವನೇ ಹೊತ್ತಿಗೆ ಸರಿಯಾಗಿ ಒತ್ತುತ್ತಾನೆ. ಯಾರೂ ನಿಮಗೆ ದೂರು ಕೊಟ್ಟಿಲ್ಲ. “ಹೊಂದಿಕೊಂಡ ಹೊಂಟೀವ್ರಿ, ಬಾಯಿ ಬಿಟ್ರ ಇದ್ದದ್ದೂ ಹೋಗತೈತಿ” ಎಂದರು. ಅವರ ಊರಿನ ಹೆಸರು ಬರೆಯುವುದಿಲ್ಲ. ಸತ್ಯ ಹೇಳಿದ್ದಕ್ಕೆ ನಿಮ್ಮಿಂದ ಏನು ಬರುತ್ತದೆ ಎಂದು ಗ್ಯಾನಪ್ಪನ ಮೇಲೆ ನೋಡಿದ್ದೇನೆ.

ಇದನ್ನೆಲ್ಲ ಅಚ್ಚು ಹಾಕಿಸಿ, ಚಿತ್ರ ಹಚ್ಚಿ, ಭೂಮಾಪಕನ ಸಹಿಯೊಂದಿಗೆ ಏಳನೆಯ ಸಲ ಬಸ್ಸು ಹತ್ತಿ ನಿಮ್ಮ ಕಚೇರಿಗೆ ಕೊಟ್ಟೆ. ಸ್ವೀಕೃತಿಯ ಮೊಹರು ಬಿತ್ತು. ‘ಖಾಸಗಿ ವ್ಯಕ್ತಿಗಳು ಅಭಿವೃದ್ಧಿಪಡಿಸಿದ ತಂತ್ರಾಂಶವನ್ನು ಪರಿಗಣಿಸಲು ಅವಕಾಶವಿಲ್ಲ, ವಿಚಾರಣೆ ನಿಗದಿಯಂತೆ ನಡೆಯುವುದು’ ಎಂದು ಉತ್ತರ ಬಂತು. ಬೇಡ. ನನ್ನ ಮಗಳ ತಂತ್ರಾಂಶವನ್ನು ಪರಿಗಣಿಸಬೇಡಿ. ಕೈಯಲ್ಲಿ ಒಂದು ಅಳತೆ ಪಟ್ಟಿ ಹಿಡಿದು ಟಾಕಿಯಿಂದ ಗೂಟದವರೆಗೆ ನಡೆಯಿರಿ. ಪಟ್ಟಿಗೂ ಅವಕಾಶವಿಲ್ಲದಿದ್ದರೆ ಹೆಜ್ಜೆ ಎಣಿಸಿ. ಹೆಜ್ಜೆ ಸರ್ಕಾರದ್ದೇ ಆಗಿರುತ್ತದೆ.

ಆದ್ದರಿಂದ ನನ್ನ ಬೇಡಿಕೆ. ಸೋಮವಾರದ ವಿಚಾರಣೆಯನ್ನು ನಿಮ್ಮ ಸಭಾಂಗಣದಲ್ಲಿ ನಡೆಸಬೇಡಿ. ನಮ್ಮೂರ ಟಾಕಿಯ ಕೆಳಗೆ, ಬೆಳಗಿನ ಐದೂವರೆಗೆ ನಡೆಸಿ. ನಿಮ್ಮದೇ ಮೊಬೈಲು ತನ್ನಿ, ಅದು ಗ್ಯಾನಪ್ಪನದಕ್ಕಿಂತ ಉತ್ತಮ ಗುಣಮಟ್ಟದ್ದೇ ಇರುತ್ತದೆ. ನಿಮ್ಮದೇ ತಂತ್ರಾಂಶದಲ್ಲಿ, ವಾಲ್ವಿನ ಮೇಲೆ ಕೈ ಇಟ್ಟುಕೊಂಡು, ನೀವೇ ಗುಂಡಿ ಒತ್ತಿ. ‘ಹಾಜರು’ ಎಂದು ಬಂದರೆ ಗ್ಯಾನಪ್ಪ ಅಲ್ಲೇ ರಾಜೀನಾಮೆ ಬರೆದುಕೊಡುತ್ತಾನೆ, ಸಾಕ್ಷಿಯಾಗಿ ನಾನು ಸಹಿ ಹಾಕುತ್ತೇನೆ. ‘ಗೈರು’ ಎಂದು ಬಂದರೆ ಮೂರು ಕೆಲಸ ಅಲ್ಲೇ ಆಗಬೇಕು: ಅವನ ಮೂವತ್ತೆಂಟು ದಿನ ವಾಪಸು, ನೋಟಿಸು ರದ್ದು, ಮೂವತ್ತನಾಲ್ಕೂ ಸಾಲಿನಲ್ಲಿ ಕತ್ತರಿಸಿದ ಅಂಕಿ ಪೂರ್ತಿ. ಉಳಿದ ಮೂರು ದಿನದ ಪಗಾರ ನೀವೇ ಇಟ್ಟುಕೊಳ್ಳಿ, ಅವು ನಿಜಕ್ಕೂ ಅವನ ಗೈರು. ಅದಕ್ಕಾಗಿ ಅವನು ಕೆಳಗಿನ ಓಣಿಯ ಮನೆಮನೆಗೆ ಹೋಗಿ ತಪ್ಪೊಪ್ಪಿ ಬಂದಿದ್ದಾನೆ. ನೀವು ಬರದಿದ್ದರೂ ವಿಚಾರಣೆ ನಡೆಯುತ್ತದೆ. ಊರೆಲ್ಲ ಕೂಡಿರುತ್ತದೆ, ನಿಮ್ಮ ಹೆಸರು ಕೂಗುತ್ತೇವೆ, ಉತ್ತರ ಬಾರದಿದ್ದರೆ ನಿಮಗೆ ಗೈರುಹಾಜರಿ ಬರೆಯುತ್ತೇವೆ.

ಕೊನೆಗೆ ಯಾರಿಗೆ ಏನು ಸಿಕ್ಕಿತು ಎಂಬುದು. ತಂತ್ರಾಂಶ ಮಾಡಿಕೊಟ್ಟವರಿಗೆ ಬಿಲ್ಲು ಪೂರ್ತಿ ಪಾವತಿಯಾಗಿದೆ. ನಿಮ್ಮ ಕೋಶಕ್ಕೆ ‘ನೂರಕ್ಕೆ ನೂರು ಡಿಜಿಟಲ್ ಹಾಜರಾತಿ’ ಎಂಬ ಫಲಕ ಬಂದಿದೆ, ಬಾಗಿಲಲ್ಲೇ ನೋಡಿದೆ. ಕುಕನೂರಿನ ಮೊಬೈಲ್ ಅಂಗಡಿಗೆ ಹನ್ನೆರಡು ಕಂತಿನ ಗಿರಾಕಿ. ಹುಲಿಗವ್ವನಿಗೆ ಏನೂ ಇಲ್ಲ. ರಾಮಾಂಜನೇಯನಿಗೆ ಒಂದು ಕಪ್ ಚಹಾ. ನನ್ನ ಮಗಳಿಗೆ, ತಾನು ಮಾಡಿದ ಲೆಕ್ಕ ಸರಿಯೆಂದು ಗೊತ್ತಾಗಿದೆ, ಸರಿಯಾದ ಲೆಕ್ಕವನ್ನೂ ವಾಪಸು ಕಳಿಸಬಹುದು ಎಂಬುದೂ ಗೊತ್ತಾಗಿದೆ. ನನಗೆ ಅಂಗಡಿಯಲ್ಲಿ ಸುತ್ತದೆ ಬಿದ್ದ ಆರು ಮೋಟರು. ಗ್ಯಾನಪ್ಪನಿಗೆ ಇನ್ನೂ ಏನೂ ಸಿಕ್ಕಿಲ್ಲ. ಅವನ ಸಾಲು ಸೋಮವಾರ ಬೆಳಿಗ್ಗೆ ಐದೂವರೆಯವರೆಗೆ ಖಾಲಿ ಬಿಟ್ಟಿದ್ದೇನೆ.

ಇಂತಿ,
ಅಂಕಿ ಕತ್ತರಿಸಲು ಇನ್ನೂ ಕಲಿಯದ,
ಉಮರಸಾಬ
ಮೋಟರ್ ಸುತ್ತುವವನು, ಇರಕಲ್ಲಗಡ
(ಅಂಗಡಿ ಬಸ್ ನಿಲ್ದಾಣದ ಎದುರೇ ಇದೆ. ನಿಮ್ಮ ನಕ್ಷೆಯಲ್ಲಿ ಎಲ್ಲಿದೆಯೋ ಕಾಣೆ.)